ಮಂಡಯಂ ಮನೆತನದ ರಷ್ಯನ್ ಸೊಸೆ

ಮಂಡ್ಯ ಎಂಬ ಊರ ಹೆಸರು ನನ್ನನ್ನು ರಷ್ಯಾದ ಒಬ್ಬ ಚಿತ್ರಕಾರ್ತಿಯ ಹತ್ತಿರ ಒಯ್ದಿತು. ಎಂ.ಪಿ.ಟಿ. ಆಚಾರ್ಯ ಎಂಬ ಕ್ರಾಂತಿಕಾರಿಯ ನೆನಪಿನ ಬರಹಗಳನ್ನು ಓದುತ್ತಿದ್ದೆ. 1937ರಲ್ಲಿ ಪುಣೆಯ ‘ಮರಾಠಾ’ ಪತ್ರಿಕೆಯಲ್ಲಿ, ಅಂದರೆ ತಿಲಕರು ಬೆಳೆಸಿದ ಪತ್ರಿಕೆಯಲ್ಲಿ, ಅವು ಕಂತು ಕಂತಾಗಿ ಬಂದಿದ್ದವು. ಅವರ ಪೂರ್ಣ ಹೆಸರು ಮಂಡಯಂ ಪಾರ್ಥಸಾರಥಿ ತಿರುಮಲ ಆಚಾರ್ಯ. ಮಂಡ್ಯ, ಮೇಲುಕೋಟೆ ಕಡೆ ಬೇರು ಬಿಟ್ಟ ಮಂಡಯಂ ಅಯ್ಯಂಗಾರರ ಕುಲ. ವಿವೇಕಾನಂದರನ್ನು ಅಮೆರಿಕಕ್ಕೆ ಕಳಿಸಲು ಮದ್ರಾಸಿನಲ್ಲಿ ಮನೆಮನೆ ಅಲೆದು ಹಣ ಕೂಡಿಸಿದ ಅಳಸಿಂಗ ಪೆರುಮಾಳ್ ಕೂಡ ಇದೇ ಕುಲದವರು. ಆಚಾರ್ಯರು ಹುಟ್ಟಿದ್ದು 1887ರಲ್ಲಿ, ಮದ್ರಾಸಿನಲ್ಲಿ. ಸುಬ್ರಹ್ಮಣ್ಯ ಭಾರತಿಯವರ ಜೊತೆ ‘ಇಂಡಿಯಾ’ ಪತ್ರಿಕೆ ನಡೆಸಿ, ರಾಜದ್ರೋಹದ ಆರೋಪ ಹತ್ತಿರ ಬಂದಾಗ ಪುದುಚೇರಿಗೆ ಸರಿದು, ಅಲ್ಲಿಂದ ಲಂಡನ್ನಿಗೆ, ಬರ್ಲಿನ್ನಿಗೆ, ಕೊನೆಗೆ ತಾಷ್ಕೆಂಟಿಗೆ ಹೋದವರು. 1920ರಲ್ಲಿ ತಾಷ್ಕೆಂಟಿನಲ್ಲಿ ಭಾರತದ ಕಮ್ಯುನಿಸ್ಟ್ ಪಕ್ಷ ಕಟ್ಟಿದವರಲ್ಲಿ ಒಬ್ಬರು; ಮರುವರ್ಷವೇ ಎಂ.ಎನ್. ರಾಯ್ ಅವರೊಡನೆ ಜಗಳವಾಗಿ ಅದೇ ಪಕ್ಷದಿಂದ ಹೊರಬಿದ್ದವರು.

ಅವರ ಹೆಂಡತಿ ರಷ್ಯನ್ ಕಲಾವಿದೆ ಎಂದು ಇತಿಹಾಸದ ಪುಸ್ತಕಗಳಲ್ಲಿ ಒಂದು ಸಾಲು ಇರುತ್ತದೆ. ಅಷ್ಟೇ. ಆ ಸಾಲಿನ ಹಿಂದಿದ್ದವರು ಮಾಗ್ದಾ ನಾಖ್‌ಮನ್. ಮೂವತ್ತರ ದಶಕದ ನಡುವಿನಿಂದ ತೀರಿಕೊಳ್ಳುವ ತನಕ ಮುಂಬಯಿಯಲ್ಲಿ ಬದುಕಿ, ಆ ಊರಿನ ಜನರ ಮುಖಗಳನ್ನು ಬರೆಯುತ್ತಲೇ ಇದ್ದವರು. ಲೀನಾ ಬರ್ನ್‌ಸ್ಟೈನ್ ಎಂಬ ವಿದುಷಿ ಅವರ ಜೀವನವನ್ನು ದೇಶದೇಶಗಳ ಕಡತಗಳಿಂದ ಹೆಕ್ಕಿ 2020ರಲ್ಲಿ ಪುಸ್ತಕ ಮಾಡಿದ್ದಾರೆ. ಅದನ್ನು ಓದಿ ಮುಗಿಸಿದ ಮೇಲೆ ಮುಂಬಯಿಗೆ ಹೋಗದೆ ಇರಲು ಆಗಲಿಲ್ಲ. ಹೋಗಿ ಬಂದು ಒಂದು ಮಳೆಗಾಲ ಕಳೆದಿದೆ. ಆ ಪ್ರಯಾಣ ಇನ್ನೂ ನನ್ನ ಬೆನ್ನು ಬಿಟ್ಟಿಲ್ಲ.

ನಾನು ಹಿಂದವಾಡಿಯವನು. ಗುರುದೇವ ರಾನಡೆ ಮಂದಿರದ ಸಂಜೆಯ ಭಜನೆ ಕೇಳಿಸುವ ಮನೆ. ಬೆಳಿಗ್ಗೆ ನಡೆದಾಡಲು ಪಕ್ಕದ ಟಿಳಕವಾಡಿಯ ವ್ಯಾಕ್ಸಿನ್ ಡಿಪೋದ ಮರಗಳ ನೆರಳು. ನಮ್ಮ ಬಡಾವಣೆಗಳ ಹೆಸರಲ್ಲೇ ಆ ಹಳೆಯ ರಾಜಕೀಯ ಉಳಿದಿದೆ. 1916ರಲ್ಲಿ ತಿಲಕರು ಹೋಮ್ ರೂಲ್ ಲೀಗ್ ಶುರು ಮಾಡಿದ್ದು ಬೆಳಗಾವಿಯಲ್ಲಿ, 1924ರಲ್ಲಿ ಗಾಂಧೀಜಿ ಅಧ್ಯಕ್ಷರಾದ ಕಾಂಗ್ರೆಸ್ ಅಧಿವೇಶನ ನಡೆದದ್ದು ಟಿಳಕವಾಡಿಯಲ್ಲಿ. 1956ರವರೆಗೆ ಮುಂಬಯಿಯೇ ನಮ್ಮ ರಾಜಧಾನಿ. ಕೋರ್ಟಿನ ಮೇಲ್ಮನವಿ, ಕಾಲೇಜು, ಗಿರಣಿಯ ನೌಕರಿ ಎಲ್ಲದಕ್ಕೂ ದಾರಿ ಆ ಕಡೆಗೇ. ಚಿತ್ರ ಕಲಿಯುವವರಿಗಂತೂ ಬೇರೆ ದಾರಿ ಇರಲಿಲ್ಲ. ನನ್ನ ದೊಡ್ಡಪ್ಪ ಪಾಸು ಮಾಡಿದ ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಡ್ರಾಯಿಂಗ್ ಪರೀಕ್ಷೆಗಳ ಸರ್ಟಿಫಿಕೇಟುಗಳು ಮುಂಬಯಿ ಸರಕಾರದ ಮುದ್ರೆ ಹೊತ್ತು ಇವತ್ತಿಗೂ ನಮ್ಮ ಪಡಸಾಲೆಯಲ್ಲಿವೆ. ಕೆ.ಬಿ. ಕುಲಕರ್ಣಿಯವರು ‘ಚಿತ್ರಮಂದಿರ’ದಲ್ಲಿ ಒಂದು ತಲೆಮಾರಿನ ಕೈಗಳನ್ನು ಪಳಗಿಸಿದ ಊರಿದು. ರವಿ ಪರಾಂಜಪೆ ಇಲ್ಲಿ ಅವರ ಹತ್ತಿರ ಕಲಿತೇ ಮುಂಬಯಿಗೆ ಹೋದರು. ಮಾಗ್ದಾ ಬರೆಯುತ್ತಿದ್ದ ಹೊತ್ತಿಗೆ ನಮ್ಮ ಊರೂ ಅವರ ಊರೂ ಒಂದೇ ಪ್ರಾಂತ್ಯದ ಒಳಗಿದ್ದವು ಎಂಬುದು ನನಗೆ ಸಣ್ಣ ಸಂಗತಿ ಅನಿಸಲಿಲ್ಲ.

ಮೈಸೂರು ಕಡೆಯಿಂದ ಬಂದು ದಾದರಿಗೆ ಹೋಗುವ ರೈಲು ಹತ್ತಿದೆ. ಎದುರಿನ ಸೀಟಿನಲ್ಲಿ ಲೋಂಡಾದಲ್ಲಿ ಹತ್ತಿದ ಒಬ್ಬ ಹಿರಿಯ ಹೆಂಗಸು ಕೂತಿದ್ದರು. ಖಾನಾಪುರ ತಾಲೂಕಿನ ಕಾಡಂಚಿನ ಹಳ್ಳಿಯವರು. ಮರಾಠಿಯಲ್ಲಿ ಶುರುವಾದ ಮಾತು ಕೊಂಕಣಿಯ ಕಡೆ ಹೊರಳಿ, ನನ್ನ ಮುಖ ನೋಡಿ ಕನ್ನಡಕ್ಕೆ ಬಂತು. ಖಾನಾಪುರದವರಿಗೆ ಇದು ದಿನದ ಮಾತಿನ ರೀತಿ. ಕಾಲಡಿಯ ಚೀಲದಲ್ಲಿ ಹಲಸಿನ ಹಪ್ಪಳ, ಕೋಕಂ ಸಿಪ್ಪೆ, ಮನೆಯ ಗದ್ದೆಯ ಅಕ್ಕಿ. ನಾನು ಜೋಳದ ರೊಟ್ಟಿ, ಗುರೆಳ್ಳು ಹಿಂಡಿ ಬಿಚ್ಚಿದೆ. ಅವರು ಬಾಳೆಎಲೆಯಲ್ಲಿ ಕಟ್ಟಿದ ಅಕ್ಕಿರೊಟ್ಟಿ ತೆಗೆದರು. ಬೆಳಗಾವಿಯಿಂದ ಇಪ್ಪತ್ತೈದು ಕಿಲೋಮೀಟರ್ ದಕ್ಷಿಣಕ್ಕೆ ಇಳಿದರೆ ಜೋಳ ಹೋಗಿ ಅಕ್ಕಿ ಬರುತ್ತದೆ, ಕರಿಮಣ್ಣು ಹೋಗಿ ಕೆಂಪು ಬರುತ್ತದೆ. ಆ ಗಡಿ ನಮ್ಮಿಬ್ಬರ ಬುತ್ತಿಯ ನಡುವೆಯೇ ಇತ್ತು.

“ಮೂವತ್ತು ವರ್ಷ ಮುಂಬೈದಾಗ ಮಂದಿ ಮಕ್ಕಳನ್ನ ಆಡಿಸೀನ್ರಿ,” ಎಂದರು. “ಅವರು ಈಗ ಎಲ್ಲೆಲ್ಲೋ ಅದಾರ. ಫೋಟೋದಾಗ ನಾ ಇಲ್ಲ. ಫೋಟೋ ತೆಗೆಯೋ ಹೊತ್ತಿಗೆ ಕೂಸನ್ನ ಅವರ ಕೈಯಾಗ ಕೊಟ್ಟು ಬಾಜೂಕ ಸರೀಬೇಕಲ್ಲ.”

ಮಾಗ್ದಾ ಮುಂಬಯಿಯಲ್ಲಿ ಬರೆದದ್ದು ಹೆಚ್ಚಾಗಿ ಇಂಥವರನ್ನೇ. ಹಣವಂತರ ಭಾವಚಿತ್ರಗಳು ಹೊಟ್ಟೆಗೆ. ತಮ್ಮ ಮನಸ್ಸಿಗಾಗಿ ಅವರು ಆರಿಸಿಕೊಂಡದ್ದು ದುಡಿಯುವ ಹೆಂಗಸರನ್ನು, ಬೀದಿಯ ಬಡವರನ್ನು, ಮಕ್ಕಳನ್ನು. ಈ ಅಜ್ಜಿಯ ಹಿಂದಿನ ತಲೆಮಾರಿನವರು ಖಾನಾಪುರ, ಚಂದಗಡ, ಸಾವಂತವಾಡಿಗಳಿಂದ ಹೋಗಿ ಮುಂಬಯಿಯ ಅಡುಗೆಮನೆಗಳಲ್ಲಿ, ತೊಟ್ಟಿಲುಗಳ ಹತ್ತಿರ ಇದ್ದರು. ಅವರಲ್ಲಿ ಯಾರಾದರೂ ಆ ರಷ್ಯನ್ ಹೆಂಗಸಿನ ಎದುರು ಕದಲದೆ ಕೂತಿರಬಹುದೇ ಎಂದು ರಾತ್ರಿಯೆಲ್ಲ ಯೋಚಿಸಿದೆ. ಅಜ್ಜಿಗೆ ಮಾಗ್ದಾ ವಿಷಯ ಹೇಳಿದಾಗ ಅವರು ಕೇಳಿದ ಪ್ರಶ್ನೆ ಒಂದೇ: “ಆಕಿಗೆ ಮಕ್ಕಳಿದ್ವೇನು?” ಇರಲಿಲ್ಲ ಎಂದೆ. “ಹಂಗಾದ್ರ ಚಿತ್ರಾ ಯಾರು ಇಟ್ಕೊಂಡ್ರು?” ಎಂದರು. ನಾನು ಹೊರಟಿದ್ದೇ ಆ ಪ್ರಶ್ನೆ ಹಿಡಿದುಕೊಂಡು.

ಮಿರಜ್ ದಾಟಿದ ಮೇಲೆ ದೀಪಗಳು ಆರಿದವು. ಪುಸ್ತಕದ ಪುಟಗಳು ತಲೆಯೊಳಗೆ ತೆರೆದೇ ಇದ್ದವು. ಮಾಗ್ದಾ ಹುಟ್ಟಿದ್ದು 1889ರಲ್ಲಿ, ಸೇಂಟ್ ಪೀಟರ್ಸ್‌ಬರ್ಗಿನಲ್ಲಿ. ತಂದೆ ಯಹೂದಿ, ವಕೀಲ. ತಾಯಿ ಜರ್ಮನ್ ಮೂಲದ ಲೂಥರನ್ ಕ್ರೈಸ್ತೆ. ತ್ಸಾರ್ ಆಳ್ವಿಕೆಯಲ್ಲಿ ಯಹೂದಿಗಳು ರಾಜಧಾನಿಯಲ್ಲಿ ನೆಲೆಸಲು ಪರವಾನಗಿ ಬೇಕಿದ್ದ ಕಾಲ. ಮನೆಯಲ್ಲಿ ತಾಯಿಯ ಮತ ನಡೆಯುತ್ತಿತ್ತು. ಆದರೆ ಹೆಸರು ತಂದೆಯದು, ಮುಂದೆ ಹಿಟ್ಲರನ ಕಾನೂನು ಕೇಳುತ್ತಿದ್ದುದು ಆ ಹೆಸರನ್ನೇ. ಜ್ವಾಂತ್ಸೆವಾ ಕಲಾಶಾಲೆಯಲ್ಲಿ ಅವರ ಗುರು ಲಿಯೋನ್ ಬಾಕ್ಸ್ಟ್, ಪ್ಯಾರಿಸಿನಲ್ಲಿ ರಷ್ಯನ್ ಬ್ಯಾಲೆಯ ವೇಷಭೂಷಣಗಳಿಂದ ಯುರೋಪನ್ನೇ ಬೆರಗುಗೊಳಿಸಿದವರು. ಅದೇ ಶಾಲೆಯಲ್ಲಿ ಅದೇ ಗುರುವಿನ ಹತ್ತಿರ ಮಾರ್ಕ್ ಶಗಾಲ್ ಕೂಡ ಕಲಿಯುತ್ತಿದ್ದರು. ಬಾಕ್ಸ್ಟ್ ಪ್ಯಾರಿಸಿಗೆ ಹೋದ ಮೇಲೆ ಪೆತ್ರೋವ್-ವೋದ್ಕಿನ್ ಬಂದರು. ಶಗಾಲ್ ಮುಂದೆ ಲೋಕವಿಖ್ಯಾತರಾದರು. ಮಾಗ್ದಾ ಅವರ ರಷ್ಯನ್ ಕಾಲದ ಕೆಲಸದಲ್ಲಿ ಬಹುಪಾಲು ಕಳೆದುಹೋಗಿದೆ.

ಉಳಿದದ್ದರಲ್ಲಿ ಒಂದು ಚಿತ್ರ ಸಾಕು, ಅವರು ಯಾರು ಎಂದು ತಿಳಿಯಲು. 1913ರ ಬೇಸಿಗೆ, ಕಪ್ಪು ಸಮುದ್ರದ ದಂಡೆಯ ಕೊಕ್ತೆಬೆಲ್. ವೊಲೋಷಿನ್ ಎಂಬ ಕವಿಯ ಮನೆಯಲ್ಲಿ ಕವಿಗಳು, ಚಿತ್ರಕಾರರು ಸೇರುತ್ತಿದ್ದರು. ಅಲ್ಲಿ ಮಾಗ್ದಾ ಇಪ್ಪತ್ತರ ಹರೆಯದ ಮರೀನಾ ತ್ಸ್ವೆತಾಯೆವಾಳನ್ನು ಎದುರಿಗೆ ಕೂರಿಸಿಕೊಂಡು ಬರೆದರು. ಇಪ್ಪತ್ತನೇ ಶತಮಾನದ ಮಹಾಕವಯಿತ್ರಿಯನ್ನು ಬದುಕಿದ್ದಾಗ ನೋಡಿ ಬರೆದ ತೈಲಚಿತ್ರ ಎಂದರೆ ಇವತ್ತಿಗೂ ಅದನ್ನೇ ತೋರಿಸುತ್ತಾರೆ. ತ್ಸ್ವೆತಾಯೆವಾಳ ಕವಿತೆ ಓದುವ ಲಕ್ಷಾಂತರ ಜನ ಆ ಮುಖವನ್ನು ಬಲ್ಲರು. ಅದನ್ನು ಬರೆದವರು ಮುಂಬಯಿಯ ಮಣ್ಣಲ್ಲಿ ಮುಗಿದವರು ಎಂದು ಎಷ್ಟು ಜನ ಬಲ್ಲರು?

ಕ್ರಾಂತಿಯ ನಂತರದ ಹಸಿವಿನ ವರ್ಷಗಳಲ್ಲಿ ಮಾಗ್ದಾ ಹಳ್ಳಿಯೊಂದರ ಜನರ ನಾಟಕಮಂಡಳಿಗೆ ರಂಗಸಜ್ಜಿಕೆ ಮಾಡಿದರು. ಆ ಕಾಲದ ಸಂಗತಿಗಳು ಗೆಳತಿ ಯೂಲಿಯಾ ಒಬೊಲೆನ್‌ಸ್ಕಾಯಾಗೆ ಬರೆದ ಪತ್ರಗಳಲ್ಲಿ ಉಳಿದಿವೆ. ಗೆಳತಿ ಎತ್ತಿಟ್ಟಳು, ಆದ್ದರಿಂದ ಉಳಿದವು. ಆಮೇಲೆ ಮಾಸ್ಕೋದಲ್ಲಿ, ತನ್ನ ಪಕ್ಷದಿಂದಲೇ ಹೊರಬಿದ್ದು ಒಂಟಿಯಾಗಿದ್ದ ಆಚಾರ್ಯರ ಭೇಟಿ. ಮದುವೆ. 1922ರಲ್ಲಿ ಇಬ್ಬರೂ ಬರ್ಲಿನ್ನಿಗೆ ಹೋದರು. ಸೇಂಟ್ ಪೀಟರ್ಸ್‌ಬರ್ಗಿನ ಹುಡುಗಿ ಮಂಡಯಂ ಮನೆತನದ ಸೊಸೆಯಾದದ್ದು ಹೀಗೆ.

ಬರ್ಲಿನ್ನಿನಲ್ಲಿ ದೇಶ ಬಿಟ್ಟ ರಷ್ಯನ್ನರದೇ ಒಂದು ಊರಿತ್ತು. 1928ರಲ್ಲಿ ಮಾಗ್ದಾ ಅಲ್ಲಿ ಪ್ರದರ್ಶನ ಮಾಡಿದಾಗ ರಷ್ಯನ್ ಪತ್ರಿಕೆಯಲ್ಲಿ ಅದರ ವಿಮರ್ಶೆ ಬರೆದ ತರುಣ ಲೇಖಕ ವ್ಲಾದಿಮಿರ್ ನಬೋಕೊವ್. 1933ರಲ್ಲಿ ಅವರ ಭಾವಚಿತ್ರವನ್ನೂ ಮಾಗ್ದಾ ಬರೆದರು. ಅದೇ ವರ್ಷ ಹಿಟ್ಲರ್ ಅಧಿಕಾರಕ್ಕೆ ಬಂದ. ಯಹೂದಿ ತಂದೆಯ ಮಗಳಿಗೂ, ಅಷ್ಟರಲ್ಲಿ ಅರಾಜಕತಾವಾದಿಯಾಗಿದ್ದ ಕಪ್ಪು ಮೈಯ ಆಚಾರ್ಯರಿಗೂ ಅಲ್ಲಿ ಉಳಿಗಾಲವಿರಲಿಲ್ಲ. ಸ್ವಿಟ್ಜರ್ಲೆಂಡಿನ ದಾರಿಯಾಗಿ, ಬ್ರಿಟಿಷರ ಅನುಮತಿಗಾಗಿ ಕಾದು, ದಂಪತಿ ಮುಂಬಯಿ ಸೇರಿದರು. ಆಚಾರ್ಯರು ದೇಶ ಬಿಟ್ಟು ಕಾಲು ಶತಮಾನ ದಾಟಿತ್ತು. ಮಾಗ್ದಾಗೆ ನಲವತ್ತೈದು ಮೀರಿತ್ತು. ಆ ನೆಲ, ಆ ಬಿಸಿಲು, ಆ ಮಾತು ಯಾವುದೂ ಗೊತ್ತಿರಲಿಲ್ಲ.

ದಾದರಿನಲ್ಲಿ ಇಳಿದಾಗ ಅಜ್ಜಿಯನ್ನು ಕರೆದೊಯ್ಯಲು ಮಗ ಬಂದಿದ್ದ. ನಾನು ಮಾಟುಂಗಕ್ಕೆ ಹೋದೆ. ಅಲ್ಲಿ ಉಡುಪಿ ಹೋಟೆಲಿನ ಬೆಂಚಿನ ಮೇಲೆ ಕೂತು ಇಡ್ಲಿ, ಫಿಲ್ಟರ್ ಕಾಫಿ ತೆಗೆದುಕೊಂಡರೆ ನಾಲ್ಕೂ ಕಡೆ ಕನ್ನಡ, ತುಳು, ತಮಿಳು ಕೇಳಿಸುತ್ತದೆ. 1926ರಷ್ಟು ಹಿಂದೆಯೇ ಇಲ್ಲಿ ಮೈಸೂರು ಅಸೋಸಿಯೇಷನ್ ಕಟ್ಟಿದ ಜನ. ಮುಂಬಯಿಗೆ ಬಂದ ದಕ್ಷಿಣದವರು ತಮ್ಮ ತಿಂಡಿ, ದೇವಸ್ಥಾನ, ಸಂಘ ಎಲ್ಲವನ್ನೂ ಜೊತೆಗೆ ತಂದರು. ಮಾಗ್ದಾ ತರಬಹುದಾಗಿದ್ದು ಕೈಯಲ್ಲಿದ್ದ ಕಸುಬು ಮಾತ್ರ. ಗಂಡನ ಮನೆತನ ಮದ್ರಾಸಿನಲ್ಲಿ. ತವರು ಎರಡು ಗಡಿಗಳ ಆಚೆ. ಆಚಾರ್ಯರ ಲೇಖನಗಳಿಂದ ಬರುವ ಪುಡಿಗಾಸಿಗೆ ಸಂಸಾರ ನಡೆಯುವಂತಿರಲಿಲ್ಲ. ಮನೆ ನಡೆದದ್ದು ಮಾಗ್ದಾ ಅವರ ಕುಂಚದಿಂದ.

ಅವರ ಮನೆ ಇದ್ದದ್ದು ಮಲಬಾರ್ ಹಿಲ್ಲಿನ ರಿಜ್ ರೋಡಿನಲ್ಲಿ. ಇವತ್ತು ಅದು ಬಿ.ಜಿ. ಖೇರ್ ಮಾರ್ಗ. 1937ರಲ್ಲಿ ಮುಂಬಯಿ ಪ್ರಾಂತ್ಯದ ಪ್ರಧಾನಿಯಾದ ಖೇರ್, ಅಂದರೆ ನಮ್ಮ ಬೆಳಗಾವಿಗೂ ಪ್ರಧಾನಿ. ಗುಡ್ಡದ ನೆತ್ತಿಯ ಮೇಲೆ ಸಾಗುವ ರಸ್ತೆ. ಒಂದು ಬದಿಗೆ ಮರಗಳ ಸಂದಿಯಲ್ಲಿ ಸಮುದ್ರ, ಇನ್ನೊಂದು ಬದಿಗೆ ಆಕಾಶಕ್ಕೆ ಹೋದ ಗೋಪುರ ಮನೆಗಳು, ಗೇಟುಗಳಲ್ಲಿ ಕಾವಲುಗಾರರು. ಹಳೆಯ ಬಂಗಲೆಗಳು ಬೆರಳೆಣಿಕೆಯಷ್ಟು ಉಳಿದಿವೆ. ನಾನು ಉದ್ದಕ್ಕೂ ನಡೆದೆ. ನಬೋಕೊವ್ ಮತ್ತು ತ್ಸ್ವೆತಾಯೆವಾರನ್ನು ಬರೆದವರು, ಲೆನಿನ್ನನ ರಷ್ಯಾ ಕಂಡು ಬಂದ ಮಂಡಯಂ ಅಯ್ಯಂಗಾರರು ಈ ರಸ್ತೆಯಲ್ಲಿ ಇದ್ದರು ಎನ್ನಲು ಒಂದು ಫಲಕವಾದರೂ ಕಣ್ಣಿಗೆ ಬೀಳಬಹುದೆಂದು ಹುಡುಕಿದೆ. ಯಾವುದೂ ಕಾಣಲಿಲ್ಲ.

ಗುಡ್ಡ ಇಳಿದು ಬಾಣಗಂಗೆಗೆ ಹೋದೆ. 1127ರಲ್ಲಿ ಶಿಲಾಹಾರರ ಮಂತ್ರಿಯೊಬ್ಬರು ಕಟ್ಟಿಸಿದರೆಂದು ಹೇಳುವ ಕೆರೆ. ಉದ್ದುದ್ದ ಕಲ್ಲಿನ ಮೆಟ್ಟಿಲು, ಸುತ್ತ ಮಠಗಳು, ದೀಪಸ್ತಂಭಗಳು, ಬಾತುಕೋಳಿಗಳು. ಸಮುದ್ರ ನೂರು ಹೆಜ್ಜೆಯಲ್ಲಿದೆ, ಆದರೂ ನೀರು ಸಿಹಿ. ಖಾನಾಪುರ ತಾಲೂಕಿನ ಹಲಸಿಯ ಕದಂಬರ ಗುಡಿಗಳ ಮುಂದೆ ನಿಂತಾಗ ಆಗುವ ಅನುಭವವೇ ಇಲ್ಲೂ ಆಯಿತು: ಅದೇ ಕಾಲದ ಗಾಳಿ, ಅದೇ ದಪ್ಪ ಕಲ್ಲು. ಖಾನಾಪುರದ ಗುಡಿಗಳ ಸುತ್ತ ಕಾಡು ಬೆಳೆದಿದೆ, ಇಲ್ಲಿ ಗೋಪುರ ಮನೆಗಳು. ಮೆಟ್ಟಿಲ ಮೇಲೆ ಹೂ ಕಟ್ಟುತ್ತಿದ್ದ ಒಬ್ಬ ಹೆಂಗಸಿನ ಹತ್ತಿರ ಕೂತೆ. ಗಂಟಲಿನ ನರ, ಬಾಗಿದ ಕತ್ತು, ಬೆರಳಿನಲ್ಲಿ ಓಡುವ ನೂಲು. ಮಾಗ್ದಾ ಇಲ್ಲಿಗೆ ಇಳಿದು ಬರುತ್ತಿದ್ದರೆ ಇವರ ಮುಂದೆ ಹಾಳೆ ಬಿಡಿಸುತ್ತಿದ್ದರು ಎಂದುಕೊಂಡೆ. ಹೆಸರು ತಿಳಿಯದ ಜನರನ್ನು ಬರೆಯುವಾಗಲೂ ಅವರು ‘ಭಾರತೀಯ ಮಾದರಿ’ಯನ್ನು ಬರೆಯಲಿಲ್ಲ, ಎದುರು ಕೂತ ಒಬ್ಬ ವ್ಯಕ್ತಿಯನ್ನು ಬರೆದರು. ಪುಸ್ತಕದಲ್ಲಿ ಅಚ್ಚಾದ ಅವರ ಚಿತ್ರಗಳನ್ನು ನೋಡಿ ನನಗೆ ತುಂಬ ಗೌರವ ಹುಟ್ಟಿದ್ದು ಇದಕ್ಕಾಗಿಯೇ. ಆ ಕಾಲದಲ್ಲಿ ಹೊರಗಿನಿಂದ ಬಂದ ಎಷ್ಟೋ ಚಿತ್ರಕಾರರು ನಮ್ಮನ್ನು ರುಮಾಲು, ಸೀರೆ, ಕುಂಡಲಗಳ ಲೆಕ್ಕದಲ್ಲಿ ನೋಡಿದರು. ಮಾಗ್ದಾ ದಣಿವನ್ನು ನೋಡಿದರು. ಮೂರು ದೇಶ ಬಿಟ್ಟವರಿಗೆ ದಣಿವು ಪರಿಚಯದ್ದು.

ಮರುದಿನ ಕಾಳಾ ಘೋಡಾ. ನೀಲಿ ಬಣ್ಣದ ಕೆನೆಸೆತ್ ಎಲಿಯಾಹೂ, 1884ರ ಯಹೂದಿ ಪ್ರಾರ್ಥನಾ ಮಂದಿರ, ಬಾಗ್ದಾದಿನಿಂದ ಬಂದ ಸಸೂನ್ ಕುಟುಂಬ ಕಟ್ಟಿಸಿದ್ದು. ಒಳಗೆ ಬಣ್ಣದ ಗಾಜುಗಳಿಂದ ಬೆಳಕು ಬೀಳುತ್ತಿತ್ತು. ಬಾಗಿಲ ಹತ್ತಿರ ಇದ್ದ ಮುದುಕರು ಮರಾಠಿಯಲ್ಲಿ, ರಾಯಗಡ ಕಡೆಯ ಹಳ್ಳಿಯ ಮರಾಠಿಯಲ್ಲಿ ಮಾತಾಡಿದರು. ಬೆಳಗಾವಿಯವನು ಎಂದ ತಕ್ಷಣ “ಕುಂದಾ ತಂದಿರೇನು?” ಎಂದು ನಕ್ಕರು. ತಂದಿದ್ದೆ, ಕೊಟ್ಟೆ. ಮುಂಬಯಿಯಲ್ಲಿ ಶತಮಾನಗಳಿಂದ ಮರಾಠಿ ಆಡುವ ಬೆನೆ ಇಸ್ರೇಲಿಗಳು, ವ್ಯಾಪಾರಕ್ಕೆ ಬಂದ ಬಾಗ್ದಾದಿಗಳು, ಆಮೇಲೆ ಹಿಟ್ಲರನಿಂದ ಓಡಿಬಂದ ಯುರೋಪಿನ ಯಹೂದಿಗಳು ಇದ್ದರು. ಹಾಗೆ ಓಡಿಬಂದವರಿಗೆ ನೆರವಾಗಲು ಇಲ್ಲಿ 1934ರಲ್ಲೇ ಸಂಘವೊಂದು ಹುಟ್ಟಿತು. ಯುದ್ಧ ಶುರುವಾದಾಗ ಜರ್ಮನ್ ಪಾಸ್‌ಪೋರ್ಟ್ ಇದ್ದ ಎಷ್ಟೋ ಜನರನ್ನು ‘ಶತ್ರು ದೇಶದವರು’ ಎಂದು ಬ್ರಿಟಿಷರು ಹಿಡಿದರು. ಹಿಟ್ಲರನಿಂದ ತಪ್ಪಿಸಿಕೊಂಡವರೂ ಹಿಟ್ಲರನ ಪ್ರಜೆಗಳೆಂಬ ಲೆಕ್ಕದಲ್ಲಿ ಸಿಕ್ಕಿಬಿದ್ದರು.

ಮಾಗ್ದಾ ಅವರ ಮುಂಬಯಿ ಇದೇ ಜನರ ನಡುವೆಯೂ ಇತ್ತು. ವಿಯೆನ್ನಾದ ಯಹೂದಿ ನರ್ತಕಿ ಹಿಲ್ಡೆ ಹೋಲ್ಗರ್ 1939ರಲ್ಲಿ ಬಂದು, ಪಾರ್ಸಿ ವೈದ್ಯರೊಬ್ಬರನ್ನು ಮದುವೆಯಾಗಿ, ಮುಂಬಯಿಯಲ್ಲಿ ನೃತ್ಯಶಾಲೆ ತೆರೆದರು. ಅವರ ನೃತ್ಯಗಳಿಗಾಗಿ ಮಾಗ್ದಾ ಕೆಲಸ ಮಾಡಿದರು. ಬಾಕ್ಸ್ಟ್ ಹತ್ತಿರ ಪಳಗಿದ ಕಣ್ಣು ಮೂವತ್ತು ವರ್ಷಗಳ ಮೇಲೆ ಅರಬ್ಬೀ ಸಮುದ್ರದ ದಂಡೆಯಲ್ಲಿ ಬಳಕೆಗೆ ಬಂತು. ಬಾಂಬೆ ಆರ್ಟ್ ಸೊಸೈಟಿಯ ವಾರ್ಷಿಕ ಪ್ರದರ್ಶನಗಳಲ್ಲಿ ಅವರ ಚಿತ್ರಗಳು ಇರುತ್ತಿದ್ದವು. ಅದೇ ಸೊಸೈಟಿಯ ಗೋಡೆಗಳ ಮೇಲೆ ನಮ್ಮ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರು ಬೆಳೆಯುತ್ತಿದ್ದ ಕಾಲವದು.

ಇಲ್ಲಿ ನನಗೊಂದು ಅಸಮಾಧಾನವಿದೆ. ಸ್ವಾತಂತ್ರ್ಯದ ಹೊತ್ತಿನ ಮುಂಬಯಿ ಕಲೆಯ ಕತೆ ಹೇಳುವವರು ಹೊರದೇಶದಿಂದ ಬಂದ ಮೂವರನ್ನು ತಪ್ಪದೆ ನೆನೆಯುತ್ತಾರೆ: ತಮ್ಮ ಮನೆಯನ್ನು ತರುಣ ಕಲಾವಿದರಿಗೆ ತೆರೆದಿಟ್ಟ ವಾಲ್ಟರ್ ಲಾಂಗ್‌ಹ್ಯಾಮರ್, ವಿಮರ್ಶೆ ಬರೆದ ರೂಡಿ ಫಾನ್ ಲೇಡನ್, ಚಿತ್ರ ಕೊಂಡ ಇಮ್ಯಾನ್ಯುಯಲ್ ಶ್ಲೆಸಿಂಗರ್. ಅವರು ಮಾಡಿದ್ದು ದೊಡ್ಡದು. ಹುಸೇನ್, ರಜಾ, ಆರಾ ಅವರಿಗೆ ಊರುಗೋಲಾದವರು. ಆದರೆ ಅದೇ ಕಾಲದಲ್ಲಿ ಅಲ್ಲಿದ್ದು, ಅವರಷ್ಟೇ ಗಾಢವಾಗಿ ಆ ಊರಿನ ಕಲೆಯಲ್ಲಿ ಬೆರೆತು, ಸ್ವತಃ ಕುಂಚ ಹಿಡಿದು ದುಡಿದ ಹೆಂಗಸಿನ ಹೆಸರು ಆ ಪಟ್ಟಿಯಿಂದ ಜಾರಿಹೋಯಿತು. ಹೊಸ ತರುಣರ ಗುಂಪಿಗೆ ಅವರ ರೀತಿ ಹಳೆಯದಾಗಿ ಕಂಡಿರಬೇಕು. ರಷ್ಯಾಕ್ಕೆ ಅವರು ಬಿಟ್ಟುಹೋದವರು, ಜರ್ಮನಿಗೆ ಬೇಡವಾದವರು, ನಮಗೆ ಕ್ರಾಂತಿಕಾರಿಯ ಹೆಂಡತಿ.

ಜಹಾಂಗೀರ್ ಆರ್ಟ್ ಗ್ಯಾಲರಿಯ ಹೊರಗೆ ಪಾದಚಾರಿ ಮಾರ್ಗದ ಮೇಲೆ ಚಿತ್ರಕಾರರು ಸಾಲಾಗಿ ಕೂರುತ್ತಾರೆ. ಅವರಲ್ಲೊಬ್ಬರು, ಚಂದಗಡ ತಾಲೂಕಿನವರು, ಇದ್ದಿಲು ಕಡ್ಡಿಯಿಂದ ಒಬ್ಬ ಹುಡುಗಿಯ ಮುಖ ಬರೆಯುತ್ತಿದ್ದರು. ಬೆಳಗಾವಿಯ ಶನಿವಾರ ಖೂಟಿನ ಅಂಗಡಿಗಳಲ್ಲಿ ಮೊದಲ ಬಣ್ಣ ಕೊಂಡವರು ಎಂದು ತಿಳಿದ ಮೇಲೆ ನಮ್ಮ ಮಾತು ಮುಗಿಯಲೇ ಇಲ್ಲ. ಪಾವ್, ಚಹಾ ತರಿಸಿದರು. ಮಾಗ್ದಾ ಕತೆ ಕೇಳಿ ಸ್ವಲ್ಪ ಹೊತ್ತು ಕಡ್ಡಿ ಕೆಳಗಿಟ್ಟರು.

“ಜನ ತಮ್ಮ ಮುಖ ಕೊಳ್ತಾರ, ಮಂದಿ ಮುಖ ಯಾರು ಕೊಳ್ತಾರ್ರಿ?” ಎಂದರು. “ತಮ್ಮ ಮುಖ ಕೊಂಡವರು ಸತ್ತ ಮ್ಯಾಲ ಮೊಮ್ಮಕ್ಕಳು ಅಜ್ಜನ ಫೋಟೋ ಅಂತಾರ. ಬರದಾವನ ಹೆಸರು ಅಲ್ಲಿಗೆ ಹೋತು. ನನ್ನ ಸಹಿ ಮೂಲ್ಯಾಗ ಇರತೈತಿ, ಫ್ರೇಮ್ ಹಾಕಿದವರು ಅದನ್ನ ಮುಚ್ಚಿಬಿಡತಾರ.”

ಅವರು ಗೊಣಗಲಿಲ್ಲ. ಕಸುಬಿನ ಸ್ವಭಾವ ಹೇಳಿದರು, ಮತ್ತೆ ಹುಡುಗಿಯ ರೆಪ್ಪೆಗಳಿಗೆ ಮರಳಿದರು.

ಆ ಗ್ಯಾಲರಿ ತೆರೆದದ್ದು 1952ರಲ್ಲಿ. ಮಾಗ್ದಾ ಒಂದು ವರ್ಷ ಮೊದಲೇ ಹೊರಟುಹೋಗಿದ್ದರು. 1951ರ ಫೆಬ್ರುವರಿ 12. ವಿದೇಶಿ ಭಾಷೆಗಳ ಸಂಸ್ಥೆಯಲ್ಲಿ ಅವರ ಏಕವ್ಯಕ್ತಿ ಪ್ರದರ್ಶನ ಏರ್ಪಾಡಾಗಿತ್ತು. ಉದ್ಘಾಟನೆಗೆ ಕೆಲವೇ ತಾಸು ಮೊದಲು ಅವರು ತೀರಿಕೊಂಡರು. ಅರವತ್ತೊಂದು ವಯಸ್ಸು. ಪ್ರದರ್ಶನ ಶ್ರದ್ಧಾಂಜಲಿಯಾಗಿ ತೆರೆಯಿತು. ಜನ ಬಂದು ನೋಡಿದರು. ಗ್ಯಾಲರಿಯ ಮೆಟ್ಟಿಲ ಮೇಲೆ ನಿಂತು ನಾನು ಯೋಚಿಸಿದ್ದು ಆಚಾರ್ಯರ ಬಗ್ಗೆ. ಅರವತ್ತು ದಾಟಿದ, ಕೈಯಲ್ಲಿ ಕಾಸಿಲ್ಲದ ಆ ಮನುಷ್ಯ ಅಷ್ಟೂ ಚಿತ್ರಗಳ ನಡುವೆ ಹೇಗೆ ನಿಂತಿದ್ದರು? ಭಾರತದ ಪೊಲೀಸರು, ಬ್ರಿಟಿಷ್ ಗೂಢಚಾರರು, ಸೋವಿಯತ್ ಪಕ್ಷ, ನಾಜಿಗಳು ಎಲ್ಲರಿಂದಲೂ ಪಾರಾಗಿ ಬಂದವರಿಗೆ ಮೂವತ್ತು ವರ್ಷಗಳ ಒಬ್ಬಳೇ ಜೊತೆಗಾತಿ ಹೋದಳು. ಮೂರು ವರ್ಷ ಒಂಟಿಯಾಗಿ, ಬಡತನದಲ್ಲಿ ಬದುಕಿ 1954ರ ಮಾರ್ಚಿನಲ್ಲಿ ಅವರೂ ತೀರಿಕೊಂಡರು. ವಾರಸುದಾರರಿಲ್ಲದ ಚಿತ್ರಗಳು ಗೆಳೆಯರ ಮನೆಗೆ, ಕೊಂಡವರ ಮನೆಗೆ, ಅಲ್ಲಿಂದ ಇನ್ನೆಲ್ಲಿಗೋ ಚದುರಿದವು. ಗೆಳತಿಗೆ ಬರೆದ ಪತ್ರಗಳಿಗೆ ಮಾಸ್ಕೋದಲ್ಲಿ ಕಪಾಟು ಸಿಕ್ಕಿತು. ಚಿತ್ರಗಳಿಗೆ ಮುಂಬಯಿಯಲ್ಲಿ ಒಂದು ಕೋಣೆ ಸಿಗಲಿಲ್ಲ. ನಾನು ಸುತ್ತಿದ ಗ್ಯಾಲರಿ, ಸಂಗ್ರಹಾಲಯಗಳ ಗೋಡೆಗಳಲ್ಲಿ ಅವರ ಒಂದು ಚಿತ್ರವನ್ನೂ ಕಾಣಲಿಲ್ಲ.

ಹಿಂದಿರುಗುವ ದಾರಿಯಲ್ಲಿ ಬೆಳಗಾವಿಯಲ್ಲಿ ಇಳಿಯದೆ ಖಾನಾಪುರದ ನಮ್ಮ ಹಳೆಯ ಮನೆಗೆ ಹೋದೆ. ಮಲಪ್ರಭೆ ಇನ್ನೂ ಎಳೆಯ ನದಿಯಾಗಿರುವ ಊರು. ಕಣಕುಂಬಿಯಲ್ಲಿ ಹುಟ್ಟಿ ಇಲ್ಲಿಗೆ ಬರುವಷ್ಟರಲ್ಲಿ ಅದಕ್ಕೆ ಸ್ವಲ್ಪ ಮೈ ಬಂದಿರುತ್ತದೆ. ಮಣ್ಣು ಒಳ್ಳೆಯದು ಎಂದೇ ಸರಕಾರದ ಕುಂಬಾರಿಕೆ ಸಂಸ್ಥೆ ಇಲ್ಲಿದೆ, ದೇಶದ ಎಲ್ಲೆಲ್ಲಿಂದಲೋ ಕುಂಬಾರರು ಕಲಿಯಲು ಬರುತ್ತಾರೆ. ಮಡಕೆಯ ಮೇಲೆ ಕುಂಬಾರ ಸಹಿ ಹಾಕುವುದಿಲ್ಲ, ಒಡೆದರೆ ಇನ್ನೊಂದು ಬರುತ್ತದೆ. ಚಿತ್ರದ ಮಾತು ಬೇರೆ. ನಮ್ಮ ಮನೆಯ ಪಡಸಾಲೆಯಲ್ಲಿ ಮುತ್ತಜ್ಜಿಯ ಒಂದು ತೈಲಚಿತ್ರವಿದೆ. ಮುಂಬಯಿಯಲ್ಲಿ ಸರಕಾರಿ ನೌಕರಿಯಲ್ಲಿದ್ದ ಮುತ್ತಜ್ಜ ಬರೆಸಿ ತಂದದ್ದು ಎನ್ನುತ್ತಾರೆ. ನತ್ತು, ಇರಕಲ್ ಸೀರೆಯ ಅಂಚು, ಸ್ವಲ್ಪ ಸಿಟ್ಟಿನ ಕಣ್ಣು. ದೀಪಾವಳಿಗೆ ಒರೆಸಿ ಹೂ ಇಡುತ್ತಾ ಬಂದ ನಾವು ಬರೆದ ಕೈ ಯಾರದೆಂದು ಯಾವತ್ತೂ ಕೇಳಿರಲಿಲ್ಲ.

ಅಣ್ಣನ ಮಗನೊಡನೆ ಅದನ್ನು ಕೆಳಗಿಳಿಸಿದೆವು. ಮನೆಯಲ್ಲಿ ಅವತ್ತು ಕಳಲೆಯ ಪಲ್ಯ, ಕೆಂಪಕ್ಕಿ ಅನ್ನ. ಊಟ ಆರುತ್ತಿದೆ ಎಂದು ಒಳಗಿನಿಂದ ಕೂಗುತ್ತಿದ್ದರು. ಹಿಂದಿನ ಹಲಗೆಯ ಮೊಳೆ ಕಿತ್ತೆವು. ಚೌಕಟ್ಟಿನ ಅಂಚು ಸರಿಸಿದಾಗ ಬಲಗಡೆಯ ಮೂಲೆಯಲ್ಲಿ ದೇವನಾಗರಿಯಲ್ಲಿ ಒಂದು ಸಹಿ ಸಿಕ್ಕಿತು, ಅರ್ಧ ಅಳಿಸಿದ್ದು. ಕೆಳಗೆ 1941 ಎಂಬ ಇಸವಿ. ಮಾಗ್ದಾ ಅವರದಲ್ಲ. ಯಾರೋ ನಮ್ಮ ಕಡೆಯ ಚಿತ್ರಕಾರರದು. ಚಂದಗಡದ ಚಿತ್ರಕಾರರು ಹೇಳಿದಂತೆಯೇ ಚೌಕಟ್ಟು ಅದನ್ನು ಇಷ್ಟು ಕಾಲ ಮುಚ್ಚಿತ್ತು. ಹುಡುಗ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡ. ಬೆಳಗಾವಿಯ ಹಿರಿಯ ಕಲಾವಿದರಿಗೆ ಅದನ್ನು ತೋರಿಸುತ್ತಿದ್ದೇವೆ. ಹೆಸರು ಓದಲು ಬಂದರೆ ಚಿತ್ರದ ಕೆಳಗೆ ಬರೆಸುತ್ತೇವೆ.

ಈ ಬರಹ ಓದುವವರಲ್ಲಿ ನನ್ನದೊಂದು ವಿನಂತಿ. ಮುಂಬಯಿ ಪ್ರಾಂತ್ಯದ ಕಾಲದಲ್ಲಿ ಬೆಳಗಾವಿ, ಧಾರವಾಡ, ವಿಜಯಪುರ, ಕಾರವಾರಗಳಿಂದ ಹೋಗಿ ಮುಂಬಯಿಯಲ್ಲಿ ವಕೀಲರಾಗಿ, ವೈದ್ಯರಾಗಿ, ಅಧಿಕಾರಿಗಳಾಗಿ ಇದ್ದವರ ಮನೆಗಳು ಇನ್ನೂ ಇವೆ. 1936ರಿಂದ 1951ರ ನಡುವೆ ಆ ಊರಿನಲ್ಲಿ ಬರೆಸಿದ ಅಥವಾ ಕೊಂಡ ಚಿತ್ರ ಅಲ್ಲಿ ಇರಬಹುದು. ಮಂಡ್ಯ, ಮೇಲುಕೋಟೆ, ಮೈಸೂರು, ಬೆಂಗಳೂರುಗಳ ಮಂಡಯಂ ಮನೆಗಳಲ್ಲಿ ಪರದೇಶದಿಂದ ಹೆಂಡತಿಯೊಡನೆ ಮರಳಿದ ಒಬ್ಬ ತಿರುಮಲಾಚಾರ್ಯರ ಮಾತು, ಒಂದು ಕಾಗದ, ಒಂದು ರೇಖಾಚಿತ್ರ ಉಳಿದಿರಬಹುದು. ಮಾಗ್ದಾ ಅವರ ಜೀವನವನ್ನು ರಷ್ಯನ್, ಜರ್ಮನ್, ಇಂಗ್ಲಿಷ್ ಕಾಗದಗಳಿಂದ ಕಟ್ಟಿ ಆಗಿದೆ. ಗಂಡನ ಮನೆತನದ ಊರಿನ ಕಡೆಯಿಂದ ಯಾರಾದರೂ ಹುಡುಕಿದ್ದನ್ನು ನಾನು ಇನ್ನೂ ನೋಡಿಲ್ಲ. ಮೇಲುಕೋಟೆಗೆ ಹೋಗುವ ತಯಾರಿಯಲ್ಲಿದ್ದೇನೆ. ಅಲ್ಲಿ ಯಾರನ್ನು ಮೊದಲು ಕಾಣಬೇಕು ಎಂದು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.